ಕೂತು ಗಿಟಾರ್ ನುಡಿಸಲು ಡ್ರಮ್ಮರ್ ಸ್ಟೂಲ್: ಗಿಡ್ಡ ಗಿಟಾರಿಸ್ಟ್ ಒಬ್ಬಳ ವಿಮರ್ಶೆ

ಎಲೆಕ್ಟ್ರಿಕ್ ಗಿಟಾರ್ ಕೂತು ನುಡಿಸುವವರಿಗೆ ಅಂತ ಮಾರುವ ಸಾಮಾನು ಬಹಳ. ಕಾಲಿಡುವ ಫುಟ್‌ಸ್ಟೂಲ್, ತೊಡೆ ಮೇಲಿನ ದಿಂಬು, ಗಿಟಾರ್ ಬೆನ್ನಿಗೆ ಅಂಟಿಸುವ ಸಪೋರ್ಟ್, ಬೆನ್ನೊರಗು ಇರುವ ಎತ್ತರದ ಸ್ಟೂಲ್. ಇವೆಲ್ಲ ನನ್ನ ಕೋಣೆಗೆ ಬಂದಿವೆ. ಈಗ ಬಳಕೆಯಲ್ಲಿ ಉಳಿದಿರುವುದು ಎರಡೇ. ಡ್ರಮ್ ಬಾರಿಸುವವರು ಕೂರುವ ಮೂರು ಕಾಲಿನ ಸ್ಟೂಲ್, ಮತ್ತೆ ಗಿಟಾರನ್ನು ಭುಜಕ್ಕೆ ನೇತುಹಾಕುವ, 3 ಇಂಚು ಅಗಲದ ಒಂದು ಸ್ಟ್ರ್ಯಾಪ್. ಒಂದು ಡ್ರಮ್ಮರ್‌ಗೆ ಅಂತ ಮಾಡಿದ್ದು, ಇನ್ನೊಂದು ನಿಂತು ನುಡಿಸುವವರಿಗೆ ಅಂತ ಮಾಡಿದ್ದು. ಆದರೂ ಈ ಜೋಡಿಗೆ 5ಕ್ಕೆ ನಾಲ್ಕೂವರೆ ಕೊಡುತ್ತೇನೆ.

ನನ್ನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಕೂರುವ ಸಾಮಾನಿನ ವಿಮರ್ಶೆಯಲ್ಲಿ ಬರೆಯುವವರ ಅಳತೆ ಗೊತ್ತಿಲ್ಲದಿದ್ದರೆ ಅದು ಓದಿ ಪ್ರಯೋಜನವಿಲ್ಲ. ನನ್ನ ಎತ್ತರ 5 ಅಡಿ 1 ಇಂಚು. ಕೈಯೂ ಗಿಡ್ಡ. ಇರುವುದು ಎರಡು ಗಿಟಾರ್, ಒಂದು ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಆಕಾರದ್ದು, ಇನ್ನೊಂದು ಗಿಬ್ಸನ್ ಕಂಪನಿಯ ಎಸ್‌ಜಿ ಆಕಾರದ್ದು. ನುಡಿಸುವುದು ಹೆಚ್ಚಾಗಿ ರಾತ್ರಿ ಹೊತ್ತು, ಕಂಪ್ಯೂಟರ್ ಮುಂದೆ, ಹೆಡ್‌ಫೋನ್ ಹಾಕಿಕೊಂಡು. ನಿಂತು ನುಡಿಸುವ ಪ್ರಮೇಯ ಬರುವುದು ಅಪರೂಪ. ನೀವು 6 ಅಡಿ ಇದ್ದರೆ ಕೆಲವು ಮಾತು ನಿಮಗೆ ಹೊಂದುವುದಿಲ್ಲ.

ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡು ಕೂತರೆ ಹೆಚ್ಚಿನವರು ಅದನ್ನು ಬಲ ತೊಡೆ ಮೇಲೆ ಇಟ್ಟುಕೊಳ್ಳುತ್ತಾರೆ. ಬಾಡಿಯ ನಡುವಿನ ತಗ್ಗು ತೊಡೆ ಮೇಲೆ ಕೂರುತ್ತದೆ, ಅಷ್ಟೇ. ಸುಲಭ ಅನ್ನಿಸುತ್ತದೆ. ಆದರೆ ಆಗ ತೊಡೆ ಎರಡು ಕೆಲಸ ಮಾಡಬೇಕು. ನಿಮ್ಮನ್ನೂ ಕೂರಿಸಬೇಕು, ಗಿಟಾರನ್ನೂ ಹೊರಬೇಕು. ಬೆನ್ನಿಗೆ ಒಳ್ಳೆಯದು ಅಂದರೆ ಮಂಡಿ ಸೊಂಟಕ್ಕಿಂತ ತುಸು ಕೆಳಗಿರಬೇಕು. ಗಿಟಾರ್ ನಿಲ್ಲಬೇಕೆಂದರೆ ತೊಡೆ ಸಮತಟ್ಟಾಗಿರಬೇಕು, ಇಲ್ಲದಿದ್ದರೆ ಅದು ಮಂಡಿ ಕಡೆಗೆ ಜಾರುತ್ತದೆ. ಜಾರುವುದನ್ನು ತಡೆಯಲು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಕೂರುತ್ತೀರಿ. ಅಥವಾ ಬಲ ಮುಂಗೈಯಿಂದ ಬಾಡಿಯನ್ನು ಒತ್ತಿ ಹಿಡಿಯುತ್ತೀರಿ. ಅಥವಾ ಎಡಗೈಯಲ್ಲಿ ನೆಕ್ (ತಂತಿ ಒತ್ತುವ ಉದ್ದನೆಯ ಭಾಗ) ಎತ್ತಿ ಹಿಡಿಯುತ್ತೀರಿ, ಅದೇ ಕೈಯಲ್ಲಿ ತಂತಿಯನ್ನೂ ಒತ್ತಬೇಕು. ಆಮೇಲೆ ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತಬೇಕಾದ ಎಫ್ ಬಾರ್ರೆ ಕಾರ್ಡ್ ಹಿಡಿಯೋಕೆ ಬರ್ತಿಲ್ಲ ಅಂತ ಬೆರಳಿನ ಶಕ್ತಿಯನ್ನು ಬೈಯುವುದು.

ಹಾಗಾಗಿ ನನ್ನ ಮಟ್ಟಿಗೆ ಒಂದೇ ನಿಯಮ. ಕೂರಿಸುವ ಕೆಲಸ ಸ್ಟೂಲಿಗೆ, ಹೊರುವ ಕೆಲಸ ಸ್ಟ್ರ್ಯಾಪಿಗೆ. ತೊಡೆಗೆ ಏನೂ ಕೊಡಬೇಡಿ.

ಮೊದಲು ಕುರ್ಚಿಗಳ ಕಥೆ. ಆಫೀಸ್ ಕುರ್ಚಿ ಬೇಡವೇ ಬೇಡ. ಕೈ ಇಡುವ ಹಿಡಿಗಳು ಗಿಟಾರ್ ಬಾಡಿಗೆ ತಾಗುತ್ತವೆ, ಅದನ್ನು ತಪ್ಪಿಸಲು ನೀವು ಸೀಟಿನ ಮುಂದಿನ ಅಂಚಿಗೆ ಬಂದು ಕೂರುತ್ತೀರಿ, ಬೆನ್ನೊರಗು ಹಿಂದೆ ಸುಮ್ನೆ ಅಲಂಕಾರಕ್ಕೆ ಉಳಿಯುತ್ತದೆ. ಹಿಡಿ ಬಿಚ್ಚಿಟ್ಟರೂ ಚಕ್ರ ಇದೆಯಲ್ಲ. ಗಿಟಾರಿನ ಸದ್ದು ಬದಲಿಸುವ ವಾ ಪೆಡಲ್ ಮೇಲೆ ಕಾಲಿಟ್ಟು ಒತ್ತಿದರೆ ಪೆಡಲ್ ಬದಲು ಕುರ್ಚಿ ಹಿಂದಕ್ಕೆ ಹೋಗುತ್ತದೆ. ಸೋಫಾ, ಹಾಸಿಗೆ ಇನ್ನೂ ಕಷ್ಟ. ಮೆತ್ತಗಿರುವುದರಲ್ಲಿ ಸೊಂಟ ಹಿಂದಕ್ಕೆ ಕುಸಿದು ಬೆನ್ನು ಗೂನಾಗುತ್ತದೆ, ಮಂಡಿ ಮೇಲೆ ಬರುತ್ತದೆ, ಗಿಟಾರ್ ಗಲ್ಲದ ಹತ್ತಿರ ಬಂದು ನಿಲ್ಲುತ್ತದೆ. ಒಂದು ಹಾಡಿಗೆ ಪರವಾಗಿಲ್ಲ. ಅಭ್ಯಾಸಕ್ಕೆ ಆಗುವುದಿಲ್ಲ.

ಗಿಟಾರ್ ಸ್ಟೂಲ್ ಅಂತಲೇ ಮಾರುವ ಎತ್ತರದ ಸ್ಟೂಲ್ ನೋಡಲು ಚೆಂದ. ಕೆಳಗೆ ಕಾಲಿಡಲು ಅಡ್ಡ ಕಂಬಿ ಇರುತ್ತದೆ, ಕೆಲವದರಲ್ಲಿ ಗಿಟಾರ್ ನಿಲ್ಲಿಸುವ ಕೊಕ್ಕೆಯೂ ಇರುತ್ತದೆ. ಸಾಮಾನ್ಯವಾಗಿ 24 ಅಥವಾ 30 ಇಂಚು ಎತ್ತರ. ನನ್ನಂಥವರು 24ರ ಮೇಲೆ ಕೂತರೂ ಪಾದ ನೆಲಕ್ಕೆ ತಾಗುವುದಿಲ್ಲ. ಇಡೀ ಭಾರ ಸೀಟಿನ ಮುಂದಿನ ಅಂಚಿಗೆ ಬಿದ್ದು, ಸ್ವಲ್ಪ ಹೊತ್ತಿಗೆ ತೊಡೆಯ ಅಡಿಭಾಗ ಜುಮುಗುಡಲು ಶುರು. ಕಂಬಿ ಮೇಲೆ ಒಂದು ಕಾಲು ಇಟ್ಟರೆ ಆ ತೊಡೆ ಮೇಲೆ ಬರುತ್ತದೆ, ಗಿಟಾರ್ ಕೂರುತ್ತದೆ, ನಿಜ. ಎರಡನೇ ಕಾಲು ಮಾತ್ರ ನೇತಾಡುತ್ತಿರುತ್ತದೆ. ಪೆಡಲ್ ಒತ್ತಬೇಕಾದರೆ ಪ್ರತಿ ಸಲ ಇಳಿಯಬೇಕು. ಎತ್ತರದವರು, ಅಕೌಸ್ಟಿಕ್ ಹಿಡಿದು ಹಾಡುವವರು, ಇವರಿಗೆ ಇದು ಸರಿಹೋಗಬಹುದು. ನನ್ನ ಕೋಣೆಯಲ್ಲಿ ಅದರ ಮೇಲೆ ಈಗ ಒಂದು ಕುಂಡ ಇದೆ.

ಡ್ರಮ್ ಸ್ಟೂಲ್ ನನ್ನ ತಮ್ಮನದು. ಅವನು ಡ್ರಮ್ ಬಾರಿಸುತ್ತಾನೆ, ಹೊಸದು ತಂದ ಮೇಲೆ ಹಳೆಯದು ನನ್ನ ಪಾಲಿಗೆ ಬಂತು. "ಅಕ್ಕಾ, ಎರಡು ಕೈ ಎರಡು ಕಾಲು ಬೇರೆ ಬೇರೆ ಕೆಲಸ ಮಾಡುವಾಗಲೂ ಬೀಳದ ಹಾಗೆ ಮಾಡಿರೋ ಸ್ಟೂಲ್ ಇದು, ನಿನ್ನ ಗಿಟಾರ್ ಯಾವ ಲೆಕ್ಕ" ಅಂದ. ಮಾತು ಸರಿ ಇದೆ. ಡ್ರಮ್ಮರ್‌ಗೆ ಎರಡೂ ಪಾದ ಪೆಡಲ್ ಮೇಲಿರಬೇಕು, ಎರಡೂ ಕೈ ಬಿಡುವಾಗಿರಬೇಕು, ಬೆನ್ನು ತಾನೇ ನೇರ ನಿಲ್ಲಬೇಕು. ಕೂತು ಗಿಟಾರ್ ನುಡಿಸುವವರಿಗೆ ಬೇಕಾದದ್ದೂ ಇದೇ ಅಲ್ವಾ?

ಕೊಳ್ಳುವಾಗ ಮೊದಲು ನೋಡಬೇಕಾದ್ದು ಎಷ್ಟು ಎತ್ತರಕ್ಕೆ ಹೋಗುತ್ತದೆ ಅನ್ನುವುದಲ್ಲ, ಎಷ್ಟು ತಗ್ಗಿಗೆ ಬರುತ್ತದೆ ಅನ್ನುವುದು. ಕೆಲವು ಸ್ಟೂಲ್‌ಗಳು 50 ಸೆಂಟಿಮೀಟರ್‌ಗಿಂತ ಕೆಳಗಿಳಿಯುವುದಿಲ್ಲ. ಗಿಡ್ಡ ಇರುವವರಿಗೆ ಅದು ಜಾಸ್ತಿ. ಬರಿಗಾಲಲ್ಲಿ ನಿಂತು ನೆಲದಿಂದ ಮಂಡಿಯ ಹಿಂಬದಿಯ ಮಡಿಕೆವರೆಗೆ ಅಳೆಯಿರಿ. ಸೀಟು ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲಿದ್ದರೆ ಪಾದ ಪೂರ್ತಿ ನೆಲದ ಮೇಲಿರುತ್ತದೆ, ತೊಡೆ ತುಸು ಇಳಿಜಾರಾಗಿರುತ್ತದೆ, ಸೊಂಟ ತಾನಾಗಿ ಮುಂದಕ್ಕೆ ಬಂದು ಬೆನ್ನು ನೇರವಾಗುತ್ತದೆ. ಬೆನ್ನನ್ನು ಬೇಕೆಂದು ಸೆಟೆಸಿ ಕೂರುವ ಕೆಲಸವೇ ಇಲ್ಲ. ಶೂ ಹಾಕಿ ನುಡಿಸುವವರಾದರೆ ಶೂ ಹಾಕಿಯೇ ಅಳೆಯಿರಿ.

ಆಮೇಲೆ ಎತ್ತರ ಹೊಂದಿಸುವ ರೀತಿ. ಮೂರು ಬಗೆ ಸಿಗುತ್ತದೆ. ಕಂಬದಲ್ಲಿ ಸಾಲಾಗಿ ತೂತುಗಳಿದ್ದು ಬೋಲ್ಟ್ ತೂರಿಸುವುದು ಒಂದು. ಗಟ್ಟಿ, ಆದರೆ ನಿಮಗೆ ಬೇಕಾದ ಎತ್ತರ ಎರಡು ತೂತುಗಳ ನಡುವೆ ಬಂದರೆ ಏನೂ ಮಾಡಲಾಗದು. ತಿರುಪು ಇರುವ ದಪ್ಪ ಕಂಬ ಇನ್ನೊಂದು. ಸೀಟನ್ನು ತಿರುಗಿಸಿದರೆ ಕೂದಲೆಳೆಯಷ್ಟೂ ಹೊಂದಿಸಬಹುದು. ನನ್ನದು ಇದೇ. ಗಾಳಿಯ ಒತ್ತಡದಿಂದ ಏರಿಳಿಯುವ ಮೂರನೆಯದು ಒಳ್ಳೆಯದೇ ಇರಬಹುದು, ಒಬ್ಬರೇ ಕೂರುವ ಸ್ಟೂಲಿಗೆ ಅಷ್ಟೆಲ್ಲ ಬೇಕು ಅನ್ನಿಸುವುದಿಲ್ಲ. ಒಮ್ಮೆ ಸರಿ ಮಾಡಿದರೆ ಮತ್ತೆ ಯಾರು ಮುಟ್ಟುತ್ತಾರೆ?

ಸೀಟಿನಲ್ಲಿ ದುಂಡನೆಯದು ಇದೆ, ಬೈಕ್ ಸೀಟಿನ ಹಾಗೆ ಮುಂಭಾಗ ಕೊರೆದಿರುವುದೂ ಇದೆ. ಡ್ರಮ್ಮರ್‌ಗಳಲ್ಲಿ ಇದರ ಬಗ್ಗೆ ಮುಗಿಯದ ವಾದ. ಗಿಟಾರ್‌ಗೆ ನನ್ನ ಓಟು ಕೊರೆದ ಸೀಟಿಗೆ. ತೊಡೆಯ ಅಡಿಗೆ ಅಂಚು ಒತ್ತುವುದಿಲ್ಲ, ಎರಡೂ ಕಾಲು ಬೇಕಾದ ಹಾಗೆ ಅಗಲಿಸಬಹುದು. ಫೋಮ್ ಗಟ್ಟಿ ಇರಲಿ. ಅಂಗಡಿಯಲ್ಲಿ ಕೂತ ತಕ್ಷಣ ಆಹಾ ಅನ್ನಿಸುವ ಮೆತ್ತನೆ ಸೀಟು ಒಂದು ಗಂಟೆಯಲ್ಲಿ ತಳ ಮುಟ್ಟುತ್ತದೆ. ಮೂರು ಕಾಲುಗಳನ್ನು ಸಾಕಷ್ಟು ಅಗಲಕ್ಕೆ ಬಿಡಿಸಿ. ಪ್ರತಿ ಕಾಲೂ ಜೋಡಿ ಪಟ್ಟಿಯದಾಗಿದ್ದರೆ ಅಲುಗಾಟ ಕಡಿಮೆ.

ಇನ್ನು ಸ್ಟ್ರ್ಯಾಪ್. ಕೂತಾಗ ಸ್ಟ್ರ್ಯಾಪ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಕೂತಾಗಲೇ ಅದರ ಉಪಯೋಗ ಜಾಸ್ತಿ. ಹೊಂದಿಸುವುದು ಹೀಗೆ. ಸ್ಟ್ರ್ಯಾಪ್ ಹಾಕದೆ, ಸ್ಟೂಲ್ ಮೇಲೆ ಪಾದ ಊರಿ ಕೂತು, ಕಣ್ಣು ಮುಚ್ಚಿ ಗಿಟಾರನ್ನು ಕೈಗಳಿಗೆ ಹಿತವಾದ ಜಾಗಕ್ಕೆ ತನ್ನಿ. ಸಾಮಾನ್ಯವಾಗಿ ನೆಕ್ ಸ್ವಲ್ಪ ಮೇಲ್ಮುಖವಾಗಿ, ಅದರ ತುದಿಯ ಹೆಡ್‌ಸ್ಟಾಕ್ ಭುಜದ ಮಟ್ಟಕ್ಕೆ ಹತ್ತಿರ ಬರುತ್ತದೆ. ಅದೇ ಜಾಗದಲ್ಲಿ ಗಿಟಾರ್ ನಿಲ್ಲುವಷ್ಟಕ್ಕೆ ಸ್ಟ್ರ್ಯಾಪಿನ ಉದ್ದ ಮಾಡಿ. ಈಗ ಎರಡೂ ಕೈ ಬಿಡಿ. ಗಿಟಾರ್ ಅಲ್ಲೇ ಇರಬೇಕು. ಎದ್ದು ನಿಲ್ಲಿ. ಆಗಲೂ ಹೆಚ್ಚುಕಡಿಮೆ ಅಲ್ಲೇ ಇರಬೇಕು. ಎದ್ದಾಗ ಗಿಟಾರ್ ಒಂದು ಗೇಣು ಕೆಳಗಿಳಿದರೆ ಸ್ಟ್ರ್ಯಾಪ್ ಉದ್ದವಾಯಿತು, ಕೂತಾಗ ಭಾರ ಮತ್ತೆ ತೊಡೆಗೇ ಹೋಗುತ್ತಿದೆ ಅಂತ. ಇದರ ಇನ್ನೊಂದು ಲಾಭ, ಕೂತು ಕಲಿತ ಸೋಲೋ ನಿಂತಾಗ ಕೈಗೆ ಹೊಸದು ಅನ್ನಿಸುವುದಿಲ್ಲ. ಗಿಟಾರ್ ಮೊಣಕಾಲಿನವರೆಗೆ ಇಳಿಬಿಟ್ಟು ನುಡಿಸುವ ಸ್ಟೈಲ್ ಇಷ್ಟಪಡುವವರಿಗೆ ಇದು ರುಚಿಸದು. ನಿಮ್ಮ ಮಣಿಕಟ್ಟು, ನಿಮ್ಮ ಇಷ್ಟ.

ಅಗಲ ಯಾಕೆ 3 ಇಂಚು? ಲೆಸ್ ಪಾಲ್ ಥರದ ಗಿಟಾರ್ 4 ಕಿಲೋ ಸುತ್ತಮುತ್ತ ತೂಗುತ್ತದೆ, ಕೆಲವು ಇನ್ನೂ ಜಾಸ್ತಿ. 2 ಇಂಚಿನ ನೈಲಾನ್ ಪಟ್ಟಿ ಆ ಭಾರವನ್ನು ಭುಜದ ಒಂದೇ ಗೆರೆ ಮೇಲೆ ಹಾಕುತ್ತದೆ. ಅಗಲವಾದದ್ದು ಹರಡುತ್ತದೆ. ಅದಕ್ಕಿಂತ ಮುಖ್ಯ, ಒಳಬದಿ ಸ್ವೇಡ್ ಚರ್ಮ ಇರಬೇಕು. ನೈಲಾನ್ ಜಾರುತ್ತದೆ, ಸ್ವೇಡ್ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ.

ಎಸ್‌ಜಿ ಇರುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1961ರಲ್ಲಿ ಬಂದ ಆ ವಿನ್ಯಾಸ ತೆಳು, ಹಗುರ, ಮೇಲಿನ ಫ್ರೆಟ್‌ಗಳಿಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ) ಕೈ ಆರಾಮಾಗಿ ಹೋಗುತ್ತದೆ. ಆದರೆ ಬಾಡಿ ಹಗುರ, ಸ್ಟ್ರ್ಯಾಪ್ ಬಟನ್ ನೆಕ್‌ನ ಬುಡದಲ್ಲಿ. ಕೈ ಬಿಟ್ಟರೆ ಹೆಡ್‌ಸ್ಟಾಕ್ ನೆಲ ನೋಡುತ್ತದೆ. ಗಿಡ್ಡ ಕೈಯವರಿಗೆ ಇನ್ನೊಂದು ತಾಪತ್ರಯ. ಎಸ್‌ಜಿ ತಂತಿಯ ಉದ್ದ 24.75 ಇಂಚು, ಸ್ಟ್ರಾಟ್‌ನದು 25.5. ಲೆಕ್ಕ ನೋಡಿದರೆ ಎಸ್‌ಜಿಯೇ ಹತ್ತಿರ ಇರಬೇಕು. ಆದರೆ ಎಸ್‌ಜಿಯಲ್ಲಿ ನೆಕ್ ಬಾಡಿಯಿಂದ ಬಹಳ ಹೊರಗೆ ಚಾಚಿಕೊಂಡಿದೆ, ಹಾಗಾಗಿ ಮೊದಲ ಫ್ರೆಟ್ ಸ್ಟ್ರಾಟ್‌ಗಿಂತ ದೂರ ಅನ್ನಿಸುತ್ತದೆ. ಕೂತು ನುಡಿಸುವಾಗ ಅದು ಗೊತ್ತಾಗಿಯೇ ಆಗುತ್ತದೆ. ನಾನು ಎಸ್‌ಜಿ ಹಿಡಿದಾಗ ಸ್ಟ್ರ್ಯಾಪನ್ನು ಒಂದು ತೂತು ಗಿಡ್ಡ ಮಾಡಿ, ಬಾಡಿಯನ್ನು ಬಲಕ್ಕೆ ಸರಿಸಿ, ನೆಕ್ ಜಾಸ್ತಿ ಎತ್ತುತ್ತೇನೆ. ಸ್ವೇಡ್ ಇಲ್ಲದಿದ್ದರೆ ಅದು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಎಡ ತೊಡೆಯೋ ಬಲ ತೊಡೆಯೋ ಅನ್ನುವುದು ದೊಡ್ಡ ಜಗಳ. ಕ್ಲಾಸಿಕಲ್ ಗಿಟಾರ್‌ನವರು ಎಡ ಪಾದವನ್ನು ಫುಟ್‌ಸ್ಟೂಲ್ ಮೇಲಿಟ್ಟು ಎಡ ತೊಡೆ ಮೇಲೆ ಗಿಟಾರ್ ಕೂರಿಸುತ್ತಾರೆ. ನೆಕ್ ಮೇಲೇರುತ್ತದೆ, ಎಡ ಮಣಿಕಟ್ಟು ನೇರವಾಗುತ್ತದೆ, 12ನೇ ಫ್ರೆಟ್ ಮೇಲಿನ ಜಾಗ ಕೈಗೆ ಸಿಗುತ್ತದೆ. ಬಲ ತೊಡೆ ಮೇಲೆ ಇಟ್ಟರೆ ನೆಕ್ ಅಡ್ಡವಾಗಿ ಮಲಗುತ್ತದೆ, ಎಡ ಮಣಿಕಟ್ಟು ಮಡಚಿಕೊಳ್ಳುತ್ತದೆ, ಎಡ ಭುಜ ಕೆಳಗೆ ಬೀಳುತ್ತದೆ. ಮಣಿಕಟ್ಟು ಬಹಳ ಬಾಗಿದ್ದಾಗ ಅಲ್ಲಿಯ ಇಕ್ಕಟ್ಟಿನ ದಾರಿಯಲ್ಲಿ ಹಾದುಹೋಗುವ ನರದ ಮೇಲೆ ಒತ್ತಡ ಬೀಳುತ್ತದೆ, ಬೆರಳು ಜೋಮು ಹಿಡಿಯುವುದು ಹಾಗೆ. ಇಷ್ಟರ ಮಟ್ಟಿಗೆ ಕ್ಲಾಸಿಕಲ್‌ನವರ ವಾದ ಸರಿ.

ಫುಟ್‌ಸ್ಟೂಲ್ ಮಾತ್ರ ನನಗೆ ಒಪ್ಪಿಗೆ ಇಲ್ಲ. ಒಂದು ಕಾಲು ಎತ್ತರದಲ್ಲಿ, ಇನ್ನೊಂದು ನೆಲದಲ್ಲಿ. ಸೊಂಟ ಓರೆಯಾಗುತ್ತದೆ, ಬೆನ್ನು ಅದನ್ನು ಸರಿತೂಗಿಸಲು ತಿರುಚಿಕೊಳ್ಳುತ್ತದೆ. ಒಂದೂವರೆ ಕಿಲೋ ಸುತ್ತಮುತ್ತಲಿನ ಕ್ಲಾಸಿಕಲ್ ಗಿಟಾರ್‌ಗೆ ಬಂದ ಪದ್ಧತಿ ಅದು, ಅದರ ಎರಡರಷ್ಟು ತೂಗುವ ಮರದ ಹಲಗೆಗೆ ಅಲ್ಲ. ಅದೂ ಅಲ್ಲದೆ ಎಡಗಾಲು ಅಲ್ಲಿ ಸಿಕ್ಕಿಕೊಂಡರೆ ಪೆಡಲ್‌ಗಳೆಲ್ಲ ಬಲಗಾಲಿನ ಪಾಲಿಗೆ. ಸ್ಟ್ರ್ಯಾಪ್ ಸರಿಯಾಗಿದ್ದರೆ ಎರಡೂ ಪಾದ ನೆಲದ ಮೇಲಿಟ್ಟೇ ಗಿಟಾರನ್ನು ಎರಡು ತೊಡೆಗಳ ನಡುವೆ, ನೆಕ್ ಎತ್ತಿ ಇಟ್ಟುಕೊಳ್ಳಬಹುದು. ಕ್ಲಾಸಿಕಲ್‌ನ ಲಾಭ ಬರುತ್ತದೆ, ಓರೆ ಸೊಂಟ ಬರುವುದಿಲ್ಲ. ರಿದಂ ಮಾತ್ರ ನುಡಿಸುವ ದಿನ ನಾನು ಬಲಕ್ಕೆ ಸರಿಸಿಕೊಳ್ಳುತ್ತೇನೆ. ಇದರಲ್ಲಿ ಮಡಿ ಮೈಲಿಗೆ ಏನಿಲ್ಲ.

ತೊಡೆ ದಿಂಬು ಕೆಟ್ಟದ್ದಲ್ಲ. ಸ್ಟ್ರ್ಯಾಪ್ ಹಾಕಲು ಮನಸ್ಸಿಲ್ಲದವರಿಗೆ ಫುಟ್‌ಸ್ಟೂಲ್‌ಗಿಂತ ಇದು ಎಷ್ಟೋ ವಾಸಿ. ಅಂಟಿಸುವ ಸಪೋರ್ಟ್ ಬಗ್ಗೆ ಎಚ್ಚರ. ರಬ್ಬರ್ ಬಟ್ಟಲುಗಳು ಒತ್ತಿದಾಗ ಒಳಗಿನ ಗಾಳಿ ಹೊರಹೋಗಿ ಗಿಟಾರ್‌ಗೆ ಅಂಟುತ್ತವೆ. ನುಣುಪಾದ, ಚಪ್ಪಟೆ ಜಾಗ ಬೇಕು. ಮ್ಯಾಟ್ ಫಿನಿಶ್ ಇದ್ದರೆ ಅಂಟುವುದಿಲ್ಲ. ಸ್ಟ್ರಾಟ್‌ನ ಹಿಂಬದಿ ಹೊಟ್ಟೆಗೆ ಅಂತ ಕೆತ್ತಿರುವ ಜಾಗದಲ್ಲೂ ಅಂಟುವುದಿಲ್ಲ. ಅಂಟಿದ್ದೂ ರೆಕಾರ್ಡಿಂಗ್ ನಡುವೆ ಟಪ್ ಅಂತ ಬಿಟ್ಟುಕೊಳ್ಳುತ್ತದೆ, ಆ ಶಬ್ದ ತಂತಿಯ ಕಂಪನ ಹಿಡಿಯುವ ಪಿಕಪ್‌ನಲ್ಲಿ ಸೊಗಸಾಗಿ ದಾಖಲಾಗುತ್ತದೆ. ನಿಮ್ಮ ಗಿಟಾರ್‌ಗೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿದಿದ್ದರೆ ರಬ್ಬರ್ ಹತ್ತಿರವೂ ತರಬೇಡಿ. ಕೆಲವು ರಬ್ಬರ್, ವಿನೈಲ್ ಆ ಲ್ಯಾಕರ್ ಜೊತೆ ಸೇರಿ ಅದನ್ನು ಮೆತ್ತಗೆ ಮಾಡಿ ಶಾಶ್ವತ ಕಲೆ ಬಿಡುತ್ತವೆ. ಪಾಲಿ (ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್) ಫಿನಿಶ್ ಇದ್ದರೆ ಆ ಭಯ ಕಡಿಮೆ.

ಗಿಟಾರಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. 1954ರ ಸ್ಟ್ರಾಟೋಕಾಸ್ಟರ್‌ಗೆ ಮುಂಗೈ ಇಡುವ ಇಳಿಜಾರು, ಪಕ್ಕೆಲುಬಿಗೆ ಜಾಗ ಬಿಡುವ ಕೆತ್ತನೆ ಎರಡೂ ಇವೆ. ಅದಕ್ಕೂ ಮುಂಚಿನ ಟೆಲಿಕಾಸ್ಟರ್ ಚೌಕ ಅಂಚಿನ ಹಲಗೆ. ಅದನ್ನು ಕೂತು ನುಡಿಸಿದರೆ ಬಲ ಮುಂಗೈ ಮೇಲೆ ಗೆರೆ ಬೀಳುತ್ತದೆ, ಅರ್ಧ ತೋಳಿನ ಅಂಗಿ ಹಾಕಿದ ದಿನ ಇನ್ನೂ ಚೆನ್ನಾಗಿ ಬೀಳುತ್ತದೆ. 1958ರ ಜಾಝ್‌ಮಾಸ್ಟರ್‌ನ ಸೊಂಟ ಓರೆ ಇರುವುದು ಕೂತು ನುಡಿಸುವ ಜಾಝ್ ಗಿಟಾರಿಸ್ಟ್‌ಗಳನ್ನು ಮನಸ್ಸಲ್ಲಿಟ್ಟುಕೊಂಡೇ. ಅದೇ ವರ್ಷದ ಫ್ಲೈಯಿಂಗ್ ವಿ ನೋಡಿದರೆ ಕೂತು ನುಡಿಸಲು ಸಾಧ್ಯವೇ ಇಲ್ಲ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ವಿ ಸಂದಿಯಲ್ಲಿ ಬಲ ತೊಡೆ ಸಿಕ್ಕಿಸಿಕೊಂಡರೆ ನೆಕ್ ತಾನೇ ಏರಿ ಕ್ಲಾಸಿಕಲ್ ಕೋನ ಬರುತ್ತದೆ. ಮೊದಲ ವಿಗಳಲ್ಲಿ ತೊಡೆ ಮೇಲೆ ಜಾರದಿರಲಿ ಅಂತ ಅಂಚಿಗೆ ರಬ್ಬರ್ ಪಟ್ಟಿಯನ್ನೂ ಹಾಕಿದ್ದರು. ಸ್ಟೈನ್‌ಬರ್ಗರ್‌ನ ಹೆಡ್‌ಸ್ಟಾಕ್ ಇಲ್ಲದ ಪುಟ್ಟ ಗಿಟಾರ್‌ಗಳಿಗೆ ತೊಡೆಗೆ ಆಸರೆಯಾಗಿ ಮಡಚುವ ಪಟ್ಟಿ ಇದೆ. ಇನ್ನು ಕೂತು ನುಡಿಸುವುದು ರಾಕ್‌ಗೆ ಒಗ್ಗುವುದಿಲ್ಲ ಅನ್ನುವವರಿಗೆ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ಗಿಟಾರಿಸ್ಟ್ ರಾಬರ್ಟ್ ಫ್ರಿಪ್ ಅವರನ್ನು ತೋರಿಸಿ. ಅವರು ವೇದಿಕೆ ಮೇಲೂ ಸ್ಟೂಲ್ ಹಾಕಿ ಕೂತವರು.

ಮೂರು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ. ಕೇಬಲ್ ಸಿಕ್ಕಿಸುವ ಜಾಕ್ ಲೆಸ್ ಪಾಲ್, ಟೆಲಿ ಥರದ ಗಿಟಾರ್‌ಗಳಲ್ಲಿ ಕೆಳ ಅಂಚಿನಲ್ಲಿದೆ. ಗಿಟಾರನ್ನು ತೊಡೆಗಳ ನಡುವೆ ತಂದರೆ ನೇರ ಪ್ಲಗ್ ಬಲ ತೊಡೆಗೆ ಚುಚ್ಚುತ್ತದೆ, ಜಾಕ್ ಮೇಲೂ ಎಳೆತ. ಎಲ್ ಆಕಾರದ ಪ್ಲಗ್ ಇರುವ ಕೇಬಲ್ ತಗೊಳ್ಳಿ. ಸ್ಟ್ರಾಟ್, ಎಸ್‌ಜಿಗಳಲ್ಲಿ ಜಾಕ್ ಮುಂಭಾಗದಲ್ಲೇ ಇರುವುದರಿಂದ ಈ ಗೋಳಿಲ್ಲ. ಇನ್ನೊಂದು, ಸಿಂಗಲ್ ಕಾಯಿಲ್ (ಒಂದೇ ತಂತಿ ಸುರುಳಿಯ) ಪಿಕಪ್ ಇದ್ದರೆ ಕಂಪ್ಯೂಟರ್, ಆಂಪ್‌ನ ಟ್ರಾನ್ಸ್‌ಫಾರ್ಮರ್ ಹತ್ತಿರ ಗುಂಯ್ ಅನ್ನುತ್ತದೆ. ಕೂತಲ್ಲೇ ಸ್ವಲ್ಪ ತಿರುಗಿದರೆ ಒಂದು ಕೋನದಲ್ಲಿ ಆ ಸದ್ದು ಬಹಳ ಕಡಿಮೆಯಾಗುತ್ತದೆ. ಡ್ರಮ್ ಸ್ಟೂಲ್ ಮೇಲೆ ತಿರುಗುವುದು ಸಲೀಸು. ಮೂರನೆಯದು, ಫ್ರೆಟ್ ನೋಡಲು ಗಿಟಾರನ್ನು ನಿಮ್ಮ ಕಡೆಗೆ ವಾಲಿಸುವ ಅಭ್ಯಾಸ ಇದ್ದರೆ ಬಿಡಿ. ನೆಕ್‌ನ ಮೇಲಂಚಿನಲ್ಲಿ ಚುಕ್ಕೆಗಳಿರುವುದು ನೋಡಲಿಕ್ಕೇ.

ಈಗ ಕಳೆದ ಅರ್ಧ ಅಂಕದ ಲೆಕ್ಕ. ತಿರುಪು ಕಂಬದ ಸ್ಟೂಲ್ ತಿರುಗಿದಂತೆಲ್ಲ ತುಸು ತುಸುವೇ ಎತ್ತರ ಬದಲಾಗುತ್ತದೆ. ಅದಕ್ಕೆ ಅಂತ ಇರುವ ಲಾಕ್ ಬಿಗಿ ಮಾಡಿಡಬೇಕು, ಅದು ಸಡಿಲವಾದಾಗ ಕಿರ್ ಅನ್ನುತ್ತದೆ. ಮೈಕ್ ಇಟ್ಟು ರೆಕಾರ್ಡ್ ಮಾಡುವಾಗ ಈ ಕಿರ್ ನನ್ನ ತಲೆ ತಿಂದಿದೆ, ತಿರುಪಿಗೆ ಚೂರು ಗ್ರೀಸ್ ಹಾಕಿದ ಮೇಲೆ ನಿಂತಿತು. ಬೆನ್ನೊರಗು ಇಲ್ಲ. ಬೆನ್ನೊರಗು ಇರುವ ಡ್ರಮ್ ಸ್ಟೂಲ್ ಸಿಗುತ್ತದೆ, ಮೊದಲೇ ಬೆನ್ನು ನೋವು ಇರುವವರು ಅದನ್ನೇ ನೋಡಿ. ಒರಗಿದರೆ ಗಿಟಾರ್ ಜೊತೆಗೆ ಹಿಂದಕ್ಕೆ ಬರುತ್ತದೆ, ಹಾಗಾಗಿ ಒರಗುವುದು ಹಾಡುಗಳ ನಡುವೆ ಮಾತ್ರ. ಸೆಕೆಯಲ್ಲಿ ರೆಕ್ಸಿನ್ ಸೀಟು ಬೆವರುತ್ತದೆ, ಬಟ್ಟೆ ಹೊದಿಕೆಯದು ಸಿಕ್ಕರೆ ಅದನ್ನೇ ತಗೊಳ್ಳಿ. ಮತ್ತೆ ಎಷ್ಟೇ ಒಳ್ಳೆ ಸ್ಟೂಲ್ ಆದರೂ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಸ್ಟ್ರ್ಯಾಪ್ ಹೇಗೂ ಹಾಕಿರುತ್ತೀರಿ, ನಿಂತೇ ಮುಂದುವರಿಸಬಹುದು.